ಬೇಸ್ ಎಕರೆ

ಈ ಕುರ್ಚಿಯ ಎಡಗಾಲು ಕುಂಟು, ಕೆಂಡ್ರಾ,
ಹಳೆಯ ಅರ್ಜಿಯೊಂದನ್ನು ಮಡಚಿ ಅಡಿಗಿಟ್ಟಿದ್ದೇನೆ, ತೆಗೆಯಬೇಡ.
ಮೂವತ್ತೊಂದು ವರ್ಷ ಕೂತು ಸವೆಸಿದ್ದು ಇದನ್ನೇ.
ಕೀಲಿ ಇಲ್ಲಿದೆ. ಕಾಫಿ ಯಂತ್ರಕ್ಕೆ ನೆತ್ತಿಯ ಮೇಲೊಂದು ಗುದ್ದು ಬೇಕು.
ಉಳಿದದ್ದು ನೆಲದ ಮಾತು.

ಗೋಡೆಯ ಮೇಲಿನ ಚಿತ್ರ ವಿಮಾನದಿಂದ ತೆಗೆದದ್ದು.
ಪೆಟಿಬೋನ್ ಕೌಂಟಿ ಪೂರ್ತಿ ಇದೆ:
ಬಲಕ್ಕೆ ಮಿಸ್ಸಿಸ್ಸಿಪ್ಪಿ, ಎಡಕ್ಕೆ ಕಾಲುವೆ,
ನಡುವೆ ಹಲಗೆಯಂಥ ಚಪ್ಪಟೆ ನೆಲ,
ಕೆಂಪು ಗೆರೆ ಎಳೆದ ತುಂಡು ತುಂಡಿಗೂ ನಂಬರು.
ಯಾರು ಉಳುತ್ತಾರೆಂದು ಚಿತ್ರ ಹೇಳುವುದಿಲ್ಲ.
ನೀನೂ ಕೇಳಬೇಡ.
ನಾವು ಹಣ ಕೊಡುವುದು ಬೆಳೆಗಲ್ಲ, ನೆನಪಿಗೆ.

ಒಂದು ಕಾಲಕ್ಕೆ ಇಲ್ಲಿ ಭತ್ತವಿತ್ತು ಎಂದು ಕಡತದಲ್ಲಿದ್ದರೆ
ಆ ನೆಲ ಇವತ್ತಿಗೂ ಭತ್ತದ್ದೇ.
ನಂಬರು ೧೧೪೦ ನೋಡು: ಹದಿನೈದು ವರ್ಷದಿಂದ
ಅಲ್ಲಿ ಕುದುರೆ ಮೇಯುತ್ತದೆ.
ಒಂದೇ ಕುದುರೆ, ಮುದಿ, ಬಿಳಿ ಹುಬ್ಬಿನದು.
ಒಡೆಯ ಸೇಂಟ್ ಲೂಯಿಸಿನಲ್ಲಿ ಹಲ್ಲಿನ ವೈದ್ಯ.
ಭತ್ತದ ದರ ಬಿದ್ದ ವರ್ಷ ಅವನ ಖಾತೆ ತುಂಬುತ್ತದೆ.
ಕುದುರೆಗೆ ದರದ ಗೊಡವೆಯಿಲ್ಲ.

ಆಮೇಲೆ ಥ್ರೆಲ್‌ಕೆಲ್ಡ್ ಮನೆಯವರು.
ಒಬ್ಬರಿಗೆ ಇಷ್ಟೇ ಎಂದು ಕಾನೂನು ಮಿತಿ ಹಾಕಿತು;
ಅವರು ಒಬ್ಬರಾಗಿ ಉಳಿಯಲಿಲ್ಲ, ಅಷ್ಟೇ.
ಅಪ್ಪ, ಮೂವರು ಗಂಡುಮಕ್ಕಳು, ಸೊಸೆಯರು,
ಡೆನ್ವರಿನಲ್ಲಿ ಈಜು ಕಲಿಸುವ ತಂಗಿಯ ಮಗಳು,
ಎಲ್ಲರದೂ ‘ಸಕ್ರಿಯ ನಿರ್ವಹಣೆ’.
ವರ್ಷಕ್ಕೊಮ್ಮೆ ಫೋನಿನಲ್ಲಿ ಸಭೆ ಸೇರುತ್ತಾರೆ,
ನಡಾವಳಿಯ ಪ್ರತಿ ನಮಗೆ ಬರುತ್ತದೆ:
‘ಹತ್ತಿಯ ಬಗ್ಗೆ ಚರ್ಚಿಸಲಾಯಿತು.’
ಹನ್ನೊಂದು ಪಾವತಿ.
ಟ್ರ್ಯಾಕ್ಟರಿನ ಮೇಲೆ ಕೂರುವವನು ಒಬ್ಬನೇ, ಓಡೆಲ್ ಪಿಂಕ್ನಿ,
ಗಂಟೆ ಲೆಕ್ಕದ ಕೂಲಿ;
ಯಾವ ಕಾಗದದಲ್ಲೂ ಅವನ ಹೆಸರಿಲ್ಲ.
ಎಲ್ಲ ಸಕ್ರಮ. ಮುದ್ರೆ ಒತ್ತಿದ್ದು ನಾನೇ.
ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ;
ಕೊಡಿಸಿದವಳಿಗೆ ಗಾದೆಯಲ್ಲಿ ಜಾಗವಿಲ್ಲ.

ಇನ್ನು ಯುಸೇಬಿಯೊ.
ಒಂದು ಜುಲೈ ಮಧ್ಯಾಹ್ನ ಬಂದ, ಟೋಪಿ ಕೈಯಲ್ಲಿ,
ಬೂಟಿನ ಮರಳು ಕಾರ್ಪೆಟ್ಟಿನ ಮೇಲೆ.
ಬಾಡಿಗೆಗೆ ಹಿಡಿದ ಹದಿನಾಲ್ಕು ಎಕರೆ, ಕಲ್ಲಂಗಡಿ.
ಪಕ್ಕದ ಸೋಯಾ ಹೊಲಕ್ಕೆ ಹೊಡೆದ ಕಳೆನಾಶಕ
ಗಾಳಿಯಲ್ಲಿ ತೇಲಿಬಂದು
ಬಳ್ಳಿಯ ಎಲೆಗಳು ಮುಷ್ಟಿ ಕಟ್ಟಿಕೊಂಡಿದ್ದವು.
ಒಂದೆಲೆ ತಂದಿದ್ದ, ಪ್ಲಾಸ್ಟಿಕ್ ಚೀಲದಲ್ಲಿ.
ಪರದೆಯ ಮೇಲೆ ಬೆರಳಿಟ್ಟು ಹುಡುಕಿದೆ:
ಗೋಧಿ, ಮೆಕ್ಕೆಜೋಳ, ಹತ್ತಿ, ಸೋಯಾ, ಭತ್ತ, ಶೇಂಗಾ.
ಮತ್ತೊಮ್ಮೆ ಹುಡುಕಿದೆ, ಅವನು ನೋಡುತ್ತಿದ್ದನಲ್ಲ.
ಬೇರೊಂದು ಯೋಜನೆ ಇದೆ, ಆದರೆ ಅದು ಆಲಿಕಲ್ಲಿಗೆ, ನೆರೆಗೆ,
ಪಕ್ಕದವನ ಔಷಧಿಗಲ್ಲ ಎಂದೆ.
ತಲೆಯಾಡಿಸಿದ. ಜಗಳವಾಡಿದ್ದರೆ ಚೆನ್ನಿತ್ತು.
ಹೊರಗೆ ಹೋದವನು ಟ್ರಕ್ಕಿನಿಂದ ಒಂದು ಹಣ್ಣು ತಂದು
ಕೌಂಟರಿನ ಮೇಲಿಟ್ಟ.
‘ನಿಮಗೆ ಇಲ್ಲಿ ಬಿಸಿಲೇ ಸಿಗುವುದಿಲ್ಲ’ ಅಂದ.

ಇಪ್ಪತ್ತು ಡಾಲರ್ ಮೀರಿದ ಕಾಣಿಕೆ ಮುಟ್ಟುವಂತಿಲ್ಲ, ನೆನಪಿಡು.
ಕಲ್ಲಂಗಡಿಗೆ ಆರು.
ಸಂಜೆ ಹಿಂಬಾಗಿಲಲ್ಲಿ ನಿಂತು
ಇಡೀ ಆಫೀಸು ತಿಂದೆವು,
ಮೊಣಕೈವರೆಗೆ ರಸ,
ಬೀಜವನ್ನು ಪಾರ್ಕಿಂಗಿನ ಜಲ್ಲಿಗೆ ಉಗುಳಿದೆವು.
ಅಷ್ಟು ಸಿಹಿಯಾದದ್ದು ಆಮೇಲೆ ತಿಂದಿಲ್ಲ.
ಮುಂದಿನ ವರ್ಷ ಅವನ ಫೈಲು ಇರಲಿಲ್ಲ.
ಇರಲಿಲ್ಲ ಎನ್ನುವುದೂ ತಪ್ಪು, ತೆರೆದೇ ಇರಲಿಲ್ಲ.

ನೀನು ಪಟ್ಟಿ ನೋಡಿದ್ದೀಯ, ಗೊತ್ತು. ಎಲ್ಲರೂ ನೋಡುತ್ತಾರೆ,
ಮೊದಲು ನೆರೆಯವರ ಹೆಸರು, ಆಮೇಲೆ ಬೀಗರದು.
ಹೌದು, ಅದರಲ್ಲಿ ನಾನೂ ಇದ್ದೇನೆ.
ಅಮ್ಮ ಬಿಟ್ಟುಹೋದ ಮೂವತ್ತೆಂಟು ಎಕರೆ, ನಂಬರು ೬೨,
ಥ್ರೆಲ್‌ಕೆಲ್ಡರಿಗೇ ಪಾಲಿಗೆ ಕೊಟ್ಟದ್ದು.
ಅಕ್ಟೋಬರಿನಲ್ಲಿ ಇನ್ನೂರ ಹನ್ನೆರಡು ಡಾಲರ್,
ಒಂದು ವರ್ಷ ನಾನೂರು.
ಕಾರಿನ ಟೈರು, ತಂಗಿಯ ಕನ್ನಡಕ,
ಇನ್ನುಳಿದದ್ದು ಸುಮ್ಮನೆ ಖರ್ಚಾಯಿತು, ದುಡ್ಡಿನ ಹಾಗೆ.
ಆ ಮಣ್ಣಿಗೆ ಕಾಲಿಟ್ಟು ಒಂಬತ್ತು ವರ್ಷ.
ಚಿತ್ರದಲ್ಲಿ ಅದು ನನ್ನ ಹೆಬ್ಬೆರಳಿನಷ್ಟಿದೆ,
ದಿನಾ ನೋಡುತ್ತಿದ್ದೆ.

ಫೋನು ಬಡಿಯುತ್ತಿದೆ. ಎತ್ತು, ಇನ್ನು ನಿನ್ನದು.
ಥ್ರೆಲ್‌ಕೆಲ್ಡ್ ಆಗಿದ್ದರೆ
ಸೋಮವಾರ ಬರುತ್ತದೆ ಎನ್ನು.