ಸೆಕೆಂಡಿನ ಮುಳ್ಳು

ಕ್ರೂ ಊರಿನ ಲೈಬ್ರರಿ, ಮಂಗಳವಾರ ಮಧ್ಯಾಹ್ನ.
ನಾನು ಬರೆದ ಗಡಿಯಾರದ ಮುಂದೆ ಎಡ್ವಿನ್ ಥ್ಯಾಕ್ರೆ,
ನಲವತ್ತು ವರ್ಷ ಸಿಗ್ನಲ್ ಕ್ಯಾಬಿನ್ನಿನಲ್ಲಿ ರೈಲು ದಾಟಿಸಿದವರು.

ಸೆಟ್ಟಿಂಗ್ಸ್ ತೆರೆದರು.
ಐದು ಟ್ಯಾಬು, ಮೂವತ್ತೊಂದು ಚೌಕ,
ಕೆಳಗೆ ಮೂರು ಗುಂಡಿ: ಸರಿ, ಅನ್ವಯಿಸು, ರದ್ದು.
'ಸರಿ ಒತ್ತುವ ತನಕ ಎಲ್ಲ ತಪ್ಪೇನಮ್ಮ?'
ನಾನು ಉತ್ತರಿಸುವಂತಿಲ್ಲ, ಸುಮ್ಮನೆ ನೋಡಬೇಕು.
ಗುಂಡಿ ತೋಡಿದವಳು ನಾನು,
ಬಿದ್ದವರು ಅವರು.

ಕೊನೆಗೆ ಜೇಬಿನಿಂದ ವಾಚು ತೆಗೆದರು.
ಕೀಲಿ ಎಳೆದರು, ತಿರುವಿದರು, ಒತ್ತಿದರು.
ಮುಳ್ಳು ಕಣ್ಣೆದುರೇ ಸರಿಯಿತು.
ಅಷ್ಟೇ.

ಆ ರಾತ್ರಿ 'ಅನ್ವಯಿಸು' ಅಳಿಸಿದೆ. ಟ್ಯಾಬುಗಳನ್ನೂ.
ಮುಟ್ಟಿದ್ದು ಮುಟ್ಟಿದಲ್ಲೇ ಬದಲಾಗಲಿ.
ನಾಲ್ಕು ಚೌಕ ಸಾಕಿತ್ತು;
ಐದನೆಯದನ್ನು ಕೊಲ್ಲಲು ಮನಸ್ಸಾಗಲಿಲ್ಲ,
ಯಾರಿಗೂ ಬೇಡದ ಚಂದ್ರನ ಕಲೆ.

ಮುಂದಿನ ಮಂಗಳವಾರ ಅವರು ಹುಡುಕಲೇ ಇಲ್ಲ.
'ಸೆಕೆಂಡಿನ ಮುಳ್ಳು ತೋರಿಸು':
ಗುರುತು ತೆಗೆದರು, ಮುಳ್ಳು ಮಾಯ.
ಹಾಕಿದರು, ಬಂತು.
ಹಾಕಿ, ತೆಗೆದು, ಮಗುವಿನ ಹಾಗೆ ಐದಾರು ಸಲ.
'ಇನ್ನು ಯಾವ ರೈಲೂ ಬರಬೇಕಿಲ್ಲವಲ್ಲ'
ಎಂದು ತೆಗೆದೇ ಬಿಟ್ಟು
ಕೋಟು ಹಾಕಿಕೊಂಡರು.

ಬಾಗಿಲ ಬಳಿ ನಿಂತು
ಗೋಡೆಯ ಗಡಿಯಾರ ನೋಡಿ
ಜೇಬಿನದನ್ನು ಅರ್ಧ ನಿಮಿಷ ಹಿಂದಿಟ್ಟರು.