ಒಂದೂವರೆ ಇಂಚು

ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿಯಿಂದ
ಕೊಳವಿಯೊಳಗ ಸುತ್ತಿಕೊಂಡು ಬಂತು ಸ್ವರ್ಗ.
ಒತ್ತಿಗೆ ಸುತ್ತಿದ್ದ ರದ್ದಿ ಹಾಳ್ಯಾಗ
ಯಾವನೋ ಅಭ್ಯರ್ಥಿಯ ಅರ್ಧ ಮೀಸಿ.

ಬೆಟಗೇರಿಯ ನನ್ನ ಕಟ್ಟಿನಂಗಡಿಯ ಮೇಜಿನ ಮ್ಯಾಲೆ
ನಾಕೂ ಮೂಲಿಗೆ ಮೊಳಿ ಡಬ್ಬಿ ಹೇರಿ ಬಿಡಿಸಿದೆ.
ಗುಲಾಬಿ ಮೋಡ. ಗದಗಿನ ಮ್ಯಾಲೆ
ಅಂಥಾವು ಎಂದೂ ಬಂದಿದ್ದಿಲ್ಲ.
ಚಂದ್ರನ ಮ್ಯಾಲೆ ಅಂಗಾಲು ಊರಿದ ತಾಯಿ,
ಸುತ್ತ ಬೆಣ್ಣಿ ತಿಂದ ಗಲ್ಲದ, ರೆಕ್ಕಿಯ ಕೂಸುಗಳು.
ಎಣಿಸಿದೆ, ಹನ್ನೊಂದು.
ಒಂದಕ್ಕೂ ದೃಷ್ಟಿಬೊಟ್ಟಿಲ್ಲ.

ಸುವಾರ್ತವ್ವ ಮೊದಲು ಚಿತ್ರ ನೋಡಲಿಲ್ಲ.
ಹೊಳ್ಳಿಸಿದಳು. ಹಿಂದಿನ ಬಿಳಿ ನೂಲಿಗೆ
ಹೆಬ್ಬೆರಳು ಹಚ್ಚಿ ಕಣ್ಣು ಮುಚ್ಚಿದಳು.
ನಲವತ್ತು ವರ್ಷ ಮಗ್ಗದ ಕುಣಿಯೊಳಗ ಕಾಲಿಟ್ಟಾಕಿ.
"ಹಾಸು ಹತ್ತಿ, ಹೊಕ್ಕು ಪಾಲಿಸ್ಟರ" ಅಂದಳು,
"ಅವ್ವನ ಮೈಗೆ ಇಂಥಾದ್ದೇನೋ, ಮಕ್ತುಮಾ?"

ಅವರ ಚರ್ಚಿನ್ಯಾಗ ಬರೇ ಸುಣ್ಣದ ಗ್ವಾಡಿ, ಸಾಗವಾನಿ ಶಿಲುಬೆ.
ಗಂಡ ಇರೂತನಕ ಮನಿಗ್ವಾಡಿಗೆ ಒಂದು ಮೊಳಿ ಬಿದ್ದಿದ್ದಿಲ್ಲ.
ಈ ಚಿತ್ರ ಆಕಿ ಕಂಡದ್ದು ದವಾಖಾನ್ಯಾಗ,
ನರ್ಸಮ್ಮನ ಕ್ಯಾಲೆಂಡರದಾಗ,
ಕಣ್ಣಿನ ಪಟ್ಟಿ ಬಿಚ್ಚಿದಾಗ
ಮೊದಲು ಸಿಕ್ಕ ಬಣ್ಣ.

ಚೌಕಟ್ಟಿಗೆ ಬಿಗೀಬೇಕಂದ್ರ
ಸುತ್ತಲೂ ಒಂದೂವರೆ ಇಂಚು ಮಡಚಬೇಕು.
ಫ್ಲೆಕ್ಸಿನ ಹುಡುಗ ಅಂಚು ಬಿಟ್ಟಿಲ್ಲ.
ಮ್ಯಾಲೆ ಮೋಡ, ಕೆಳಗ ಕತ್ತಲಿ, ಎಡಕ್ಕ ಬೆಳಕು,
ಮಡಚಿದರೂ ನಡೀತೈತಿ.
ಬಲಕ್ಕ ಹನ್ನೊಂದನೇ ಕೂಸು,
ಅಂಚಿಗೇ ಒದ್ದು ಹಾರೂದು.
"ಇದರ ಕಾಲು ಹೋಗತೈತಿ ಬೇ.
ಪಟ್ಟಿ ಕೂಡಿಸಿ ಹೊಲೀಲೇನು?"
"ಕೂಡಿಸಿದ ಬಟ್ಟಿ ನಾ ಎಂದೂ ಮಾರಿಲ್ಲ.
ಮಡಚು. ಮಡಚಿದ್ದು ಹರದಂಗಲ್ಲ."

ನಮ್ಮ ಮನ್ಯಾಗ ಚಿತ್ರ ಇಡಂಗಿಲ್ಲ.
ಮೂವತ್ತು ವರ್ಷ ಎಲ್ಲಾರ ದೇವರಿಗೂ ಗಾಜು ಹಾಕೇನಿ,
ಬೆನ್ನಿಗೆ ಮೊಳಿ ಹೊಡದೇನಿ,
ಮಾರಿ ನೋಡಿದ್ದು ಕಡಿಮಿ.
ಅವತ್ತು ಇಕ್ಕಳ ಹಿಡದು ಜಗ್ಗುವಾಗ
ನನ್ನ ಹೆಬ್ಬೆರಳಿನ ಕೆಳಗ
ಆ ಕಾಲು ಹೊಳ್ಳಿ ಬಗಲಿಗೆ ಹೋತು,
ಐದೂ ಬೆರಳು ಸಹಿತ.
ಬಿಸ್ಮಿಲ್ಲಾ ಅಂದೇ ಪಿನ್ನು ಹೊಡದೆ.

ತೂಗಹಾಕಾಕ ನಾನ ಹೋದೆ.
ಅಡಿಗಿಮನಿ ಬಾಗಿಲಕ್ಕ ಹತ್ತಿದ ಗ್ವಾಡಿ ತೋರಿಸಿ
ಆಕಿ ಒಲಿ ಮುಂದ ಕುಂತಳು, ರೊಟ್ಟಿ ಬಡದಂಗ ಕೈ ಮಾಡಿ ನೋಡಿದಳು.
ಅಲ್ಲಿಂದ ತಾಯಿ ಕಾಣಂಗಿಲ್ಲ,
ಚಂದ್ರ ಇಲ್ಲ, ಹತ್ತು ಕೂಸಿಲ್ಲ,
ಕಟ್ಟಿನ ಬಗಲಿಗೆ
ಒಂದೂವರೆ ಇಂಚಿನ ಪಾದ ಅಷ್ಟ.

"ಹೊಗಿ ಹತ್ತತೈತಿ ಬೇ ಇಲ್ಲಿ" ಅಂದೆ.
"ಹತ್ತಲಿ ಬಿಡೋ, ತೊಳೀತೇನಿ.
ಕೂಸಿನ ಕಾಲಲ್ಲೇನು."