ಕಚ್ಚಾ ಹೊಲಿಗಿ

ಸೊಲ್ಲಾಪುರದ ಡಾಕ್ಟರು ಫೈಲಿಗಿ ಹೇಳಿದರು, ನನಗಲ್ಲ:
ಪ್ರಾಸ್ಟೇಟ್ ಗಡ್ಡಿ ಪೂರಾ ತಗದೀವಿ, ಜೀವಕ್ಕ ಧೋಕಾ ಇಲ್ಲ.
ಉಳಿದದ್ದಕ್ಕ ವರ್ಷ ಹಿಡೀಬಹುದು, ಎರಡು ಹಿಡೀಬಹುದು,
ಬರದೆಯೂ ಇರಬಹುದು.
ಉಳಿದದ್ದು ಅಂದರ ಏನಂತ
ಅವರೂ ಬಿಡಿಸಲಿಲ್ಲ, ನಾನೂ ಕೇಳಲಿಲ್ಲ.
ಬಾಗಿಲ ಬಲ್ಲಿ ಚಪ್ಪಲಿ ಹುಡುಕತಿದ್ದಳು ಸುಭದ್ರಾ.

ಯಾದಗಿರಿ ಸ್ಟೇಷನ್ ರೋಡಿನಾಗ ನಲವತ್ತೊಂದು ವರ್ಷ
ಗಂಡಸರ ಸೊಂಟಕ್ಕ ಟೇಪು ಸುತ್ತಿದ ಕೈ ಇದು.
ವಕೀಲರು, ಹಮಾಲರು, ಮದಿಮಗ, ಮದಿಮಗನ ಅಪ್ಪ,
ಆಸನದ ಅಳತಿ ತಗೊಳ್ಳುವಾಗ
ಎಲ್ಲರೂ ಮ್ಯಾಲೆ ಫ್ಯಾನ್ ನೋಡತಾರ.
ಈಗ ನನಗೂ ಗೊತ್ತಾತು ಫ್ಯಾನಿನಾಗ ಏನದ ಅಂತ.

ಉಚ್ಚಿ ಚೀಲಕ್ಕ ನಾನೇ ಒಂದು ಹಸಬಿ ಹೊಲಕೊಂಡೆ
ಉಳಿದ ಸಫಾರಿ ಬಟ್ಟಿಯಾಗ, ಕಾಜಾ ಗುಂಡಿ ಹಚ್ಚಿ.
ನೋಡಲಿಕ್ಕ ಬಂದವರು ಅಂದರು,
ಅಂಬಾದಾಸ, ಕೆಲಸ ಮಾತ್ರ ಫಿನಿಶಿಂಗ್ ಅದ ನೋಡು.
ಮೂರು ವಾರಕ್ಕ ನಳಿಗಿ ತಗದರು. ಆ ಹಸಬಿಯಾಗ ಈಗ
ಸುಭದ್ರಾ ಎಲಿ, ಅಡಕಿ, ಕೀಲಿಕೈ ಇಡತಾಳ.

ಕೆಳಗ ಬಿಗಿ ಹಿಡಿ, ಹತ್ತು ಎಣಿಸು, ಬಿಡು:
ಕಸರತ್ತು ಹೇಳಿಕೊಟ್ಟಿದ್ದರು.
ಮಷಿನ್ ತುಳಿಯುತ್ತ ಮಾಡತಿದ್ದೆ,
ಎದುರಿಗಿ ಕುಂತ ಗಿರಾಕಿಗಿ ತಿಳೀದಾಂಗ.
ರಾತ್ರಿ ಸೆಕಿ ಅಂತ ನಾನು ಮಂಚಕ್ಕ, ಅಕಿ ನೆಲಕ್ಕ.
ಶ್ರಾವಣ ಬಂತು. ಸೆಕಿ ಹೋತು. ನೆಪ ಹೋಗಲಿಲ್ಲ.

ಹದಿನಾಲ್ಕನೇ ತಿಂಗಳು.
ಮೇಲ್ ಗಾಡಿ ದಾಟಿತ್ತು. ಕರೆಂಟ್ ಹೋಗಿತ್ತು,
ಫ್ಯಾನು ನಿಂತಿತ್ತು, ನೋಡಲಿಕ್ಕ ಏನೂ ಇರಲಿಲ್ಲ.
ಅಕಿ ಬಂದು ಮಂಚದ ಅಂಚಿಗಿ ಕುಂತಳು.
ಏನೂ ಆಗಂಗಿಲ್ಲ, ಸುಮ್ಮನ ಮಕ್ಕೊ, ಅಂದೆ.
ಆಗಲಿ ಅಂತ ಯಾರು ಬಂದಾರ? ಅಂದಳು.

ಆಮ್ಯಾಲೆ ಗ್ವಾಡಿಗಿ ಹೇಳಿದಾಂಗ ಹೇಳಿದಳು:
ನನ್ನ ಗರ್ಭಚೀಲ ತಗದಾಗ ನನಗ ಮೂವತ್ತಾರು.
ನೀವು ಕ್ಯಾಲೆಂಡರಿನಾಗ ದಿನ ಎಣಿಸಿದ್ರಿ.
ನಲವತ್ತೈದನೇ ದಿನ ದೀಪ ಆರಿಸಿದ್ರಿ.
ನೋವು ಆಗತದೇನು ಅಂತ ಕೇಳಲಿಲ್ಲ.
ಆಗತಿತ್ತು.

ಅದೊಂದು ಶಬ್ದ ಇಪ್ಪತ್ತಮೂರು ವರ್ಷ
ನಮ್ಮ ಹಾಸಿಗಿಯಾಗ ಮುರಿದ ಸೂಜಿಹಾಂಗ ಬಿದ್ದಿತ್ತು,
ನನಗ ಮಾತ್ರ ಚುಚ್ಚಿರಲಿಲ್ಲ.

ಊರ ಗಂಡಸರನೆಲ್ಲ ಅಳದವ
ಅವತ್ತು ಟೇಪಿಲ್ಲದ ಕೈಲೆ ಕೇಳಿದೆ.
ಇಲ್ಲಿ? ಅಲ್ಲ, ಜರಾ ಕೆಳಗ. ಇಲ್ಲಿ ನೋವದ?
ಈಗಿಲ್ಲ.
ಅಕಿ ಹೊಟ್ಟಿ ಮ್ಯಾಲಿನ ಗೆರಿ ಅಡ್ಡ, ನಂದು ಉದ್ದ.
ಅಕಿದು ಯಾರೋ ಅವಸರದಾಗ ಹೊಲದದ್ದು, ಟಾಕಿ ದೂರದೂರ.
ನನ್ನ ಅಂಗಡ್ಯಾಗ ಆಗಿದ್ದರ ಬಿಚ್ಚಿಸತಿದ್ದೆ.
ಗಿರಾಕಿಗಿ ಹೇಳತಿದ್ದೆನಲ್ಲ: ಇದು ಕಚ್ಚಾ ಹೊಲಿಗಿ,
ಮೈಮ್ಯಾಲೆ ಹಾಕಿ ನೋಡ್ರಿ, ಎಲ್ಲಿ ಹಿಡೀತದ ಹೇಳ್ರಿ.
ಮನಿಯಾಗ ಒಮ್ಮೆಯೂ ಅಂದಿರಲಿಲ್ಲ.

ಡಾಕ್ಟರು ಹೇಳಿದ್ದು ಬರಲಿಲ್ಲ. ಮತ್ತೇನೋ ಬಂತು,
ದಾರ ಏರಿಸದ ಮಷಿನ್ ಓಡಿದಾಂಗ:
ಸೂಜಿ ಬಡೀತದ, ಅರಬಿ ಮುಂದ ಸರೀತದ,
ಹೊಲಿಗಿ ಬೀಳಂಗಿಲ್ಲ.
ಮೈ ಮಾತ್ರ ಅಂಗಾಲತನಕ ಝಲ್ ಅಂತು.
ಹಾಂಗಂತ ಅಕಿಗಿ ಹೇಳಿದೆ.
ಸೆರಗು ಬಾಯಿಗಿ ತುರುಕಿಕೊಂಡು ನಕ್ಕಳು.
ಅಕಿ ನಕ್ಕದ್ದಕ್ಕ ನಾನು ನಕ್ಕೆ, ನಾನು ನಕ್ಕದ್ದಕ್ಕ
ಎರಡು ಹನಿ ಉಚ್ಚಿ ಹಾಸಿಗಿಗಿ.

ಇರಲಿ ಬಿಡ್ರಿ, ಅಂದಳು.
ಮೊಮ್ಮಗಂದು ರಬ್ಬರ್ ಶೀಟ್ ಟ್ರಂಕಿನಾಗ ಅದ,
ನಾಳಿ ಹಾಸೋಣು.